ಬಾಗಿಲಲ್ಲೇ ಪೆನ್ನು ಬಿಡಿಸುತ್ತಿದ್ದ ರೇಣುಕಾ

ಗುಡಿಯ ಮುಂದೆ ಚಪ್ಪಲಿ ಬಿಡಿಸಿದ ಹಾಗೆ ರೇಣುಕಾ ಪೇಂಟರಪ್ಪನವರ ಮನೆಗೆ ಬಂದವರಿಂದ ಬಾಗಿಲಲ್ಲೇ ಪೆನ್ನು ಬಿಡಿಸುತ್ತಿದ್ದಳು. ಒಳಗೆ ಪೆನ್ಸಿಲ್ ಒಂದೇ. ಪ್ರತಿಷ್ಠಾನದ ಕಾರ್ಯದರ್ಶಿಗಳ ಜೇಬಿನ ಪೆನ್ನನ್ನೂ ತೆಗೆಸಿ ಕಿಟಕಿಯಲ್ಲಿ ಇಡಿಸಿದಳು. "ಪೆನ್ಸಿಲ್ ಆದ್ರ ಅಳಿಸಬೋದ್ರಿ ಸರ್. ಶಾಯಿ ಬಿದ್ರ ಬಿತ್ತು." ಇನ್ನೂ ಇಪ್ಪತ್ತೆರಡರ ಹುಡುಗಿ.

ಅದಕ್ಕಿಂತ ಕಷ್ಟದ್ದು ಫ್ಯಾನಿನ ಜಗಳ. ಬಳ್ಳಾರಿಯ ಬೇಸಿಗೆಯಲ್ಲಿ ಫ್ಯಾನು ಬೇಡ ಎಂದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಾಕಿದರೆ ಕಾಗದ ಹಾರುತ್ತವಂತೆ.

"ಏ ಹುಡುಗಿ, ಕಾಗದ ಉಳೀತಾವು, ನಾವು ಸಾಯ್ತೀವಿ" ಎಂದೆ.

"ಹಂಗಾದ್ರ ನೀವು ಹೊರಗ ಬೇವಿನ ಗಿಡದ ಬುಡಕ ಕುಂದರ್ರಿ ಅವ್ವಾ."

ಆ ಮನೆಯಲ್ಲಿ ನಾನು ನಲವತ್ತು ವರ್ಷ ದುಡಿದವಳು. ನಮ್ಮ ಪೇಂಟರಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ಅರಮನೆ, ಕಾಡು, ಬೀದಿ. ಪರದೆಯ ಬಟ್ಟೆ ಹೊಲಿಯುವುದು, ಹುಣಸೆ ಬೀಜದ ಅಂಟು ಕುದಿಸುವುದು ನನ್ನ ಪಾಲು. ಸಾಯುವ ಮೊದಲು ಅವರು ಮನೆಯನ್ನೂ ಇದ್ದ ದುಡ್ಡನ್ನೂ ಒಂದು ಪ್ರತಿಷ್ಠಾನಕ್ಕೆ ಬರೆದರು, ಬೀಗದ ಕೈ ನನಗೆ ಕೊಟ್ಟರು. ಅವರು ಬಿಟ್ಟುಹೋದ ಚಿತ್ರ, ಕಾಗದಗಳನ್ನು ಜೋಡಿಸಿ ಪಟ್ಟಿ ಮಾಡಲು ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆ ಬಂದವಳು ಈ ರೇಣುಕಾ. ಹಚ್ಚೊಳ್ಳಿಯವಳು. ಕುರುಗೋಡಿನ ಸೋದರತ್ತೆಯ ಮನೆಯಲ್ಲಿದ್ದು ದಿನಾ ಬಸ್ಸಿಗೆ ಬರುತ್ತಿದ್ದಳು. ಕೊನೆಗೆ ಪ್ರತಿಷ್ಠಾನ ಒಂದು ಸರ್ಟಿಫಿಕೇಟ್ ಕೊಡಬೇಕು, ಅದಿದ್ದರೆ ಮೈಸೂರಿನಲ್ಲಿ ಇದೇ ಕೆಲಸದ ಓದಿಗೆ ಸೀಟು ಎಂದಿದ್ದಳು.

ಅವಳು ಬರುವುದಕ್ಕೆ ಒಂದು ವಾರ ಮೊದಲು ನಾನೊಂದು ಕೆಲಸ ಮಾಡಿದ್ದೆ. ಕಾರ್ಯದರ್ಶಿಗಳು "ಕೋಣಿ ಸ್ವಚ್ಛ ಮಾಡು" ಎಂದಿದ್ದರು. ಮಾಡಿದೆ. ದೊಡ್ಡ ಕಾಗದ ದೊಡ್ಡದರ ಜತೆ, ಸಣ್ಣದು ಸಣ್ಣದರ ಜತೆ, ಐದು ಗಂಟು ಕಟ್ಟಿಟ್ಟೆ. ರೇಣುಕಾ ಗಂಟು ಬಿಚ್ಚಿದಳು. ಒಂದೊಂದೇ ಕಾಗದ ತಿರುವಿ ನೋಡಿದಳು.

"ಅವ್ವಾ, ಇವು ಮೊದ್ಲು ಎಲ್ಲೆಲ್ಲಿ ಇದ್ವು?"

"ಎಲ್ಲೆಂದ್ರಲ್ಲಿ ಬಿದ್ದಿದ್ವು."

"ಅವರು ಇಟ್ಟಿದ್ದು ಹಂಗ ಇದ್ರ ಯಾವ ಚಿತ್ರ ಯಾವ ನಾಟಕಕ್ಕ ಅಂತ ಗೊತ್ತಾಗ್ತಿತ್ತು. ಈಗ ಗೊತ್ತಾಗವಲ್ದು."

ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಅವಳು ಬೈಯಲಿಲ್ಲ. ನೆಲದ ಮೇಲೆ ಸುಣ್ಣದಕಡ್ಡಿಯಿಂದ ಕೋಣೆಯನ್ನೇ ಬರೆದಳು. ಇದು ಕಿಟಕಿ, ಇದು ಮಂಚ, ಇದು ನಿಮ್ಮ ಒಲೆ. ಆಮೇಲೆ ಒಂದೊಂದೇ ಕಾಗದ ನನ್ನ ಕೈಗೆ ಕೊಟ್ಟಳು. ಅಕ್ಷರ ನನಗೆ ಅಷ್ಟಕ್ಕಷ್ಟೇ, ಕಾಗದದ ಮೇಲಿನ ಕಲೆ ಗೊತ್ತು. ಅಂಟು ಸಿಡಿದದ್ದು ಒಲೆಯ ಹತ್ತಿರದ್ದು. ಬಿಸಿಲಿಗೆ ಬಣ್ಣ ಹೋದದ್ದು ಕಿಟಕಿಯದ್ದು. ಇಲಿ ತಿಂದದ್ದು ಟ್ರಂಕಿನ ಹಿಂದಿನದ್ದು. ನಲವತ್ತು ವರ್ಷ ಗುಡಿಸಿದವಳಿಗೆ ಅಷ್ಟೂ ತಿಳಿಯದೆ? ಇಪ್ಪತ್ತು ದಿನ ಹೀಗೇ ಕೂತೆವು. ಕಾಡಿನ ಪರದೆಯ ಚಿತ್ರಗಳೆಲ್ಲ ನೆಲದ ಮೇಲೆ ಬರೆದ ಒಲೆಯ ಗೆರೆಯೊಳಗೆ ಒಂದಾಗಿ ಬಿದ್ದಾಗ ಹುಡುಗಿ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಪಟ್ಟಿಯ ಮೊದಲ ಹಾಳೆಯಲ್ಲಿ ಅವಳು ನಡೆದದ್ದನ್ನು ನಡೆದ ಹಾಗೇ ಬರೆಯುವವಳಿದ್ದಳು. ನನ್ನನ್ನು ಕೇಳಿದಳು. "ನೀವು ಬ್ಯಾಡಂದ್ರ ನಿಮ್ಮ ಹೆಸರು ಹಾಕಂಗಿಲ್ಲ."

"ಹಾಕು. ನಾನೇನು ಕದ್ದೀನೇನು?"

ಕಾರ್ಯದರ್ಶಿಗಳಿಗೆ ಅದು ಹಿಡಿಸಲಿಲ್ಲ. "ಕಲಾವಿದರು ಇಟ್ಟಂಗ ಐತಿ ಅಂತ ಬರಿಯಮ್ಮ. ಕಸ ಹೊಡೆಯಾಕಿ ಹೆಸರು ಯಾಕ? ಪ್ರತಿಷ್ಠಾನದ ಮರ್ಯಾದೆ ಪ್ರಶ್ನೆ ಇದು."

"ಕೆಡಿಸಿದ್ದೂ ಅವ್ರ, ಕೂಡಿಸಿದ್ದೂ ಅವ್ರ ಸರ್. ಎರಡೂ ಇರ್ಲಿ."

"ಸರ್ಟಿಫಿಕೇಟಿಗೆ ಸಹಿ ಮಾಡೋನು ನಾನು, ನೆನಪಿರ್ಲಿ."

"ನೆನಪೈತ್ರಿ" ಎಂದು ಪೆನ್ಸಿಲ್ ಚೂಪು ಮಾಡತೊಡಗಿದಳು. ಒಂದಕ್ಷರ ಅಳಿಸಲಿಲ್ಲ. ಮೂರು ತಿಂಗಳು ಮುಗಿದ ದಿನ ಬರಿಗೈಯಲ್ಲಿ ಹೋದಳು.

ಹತ್ತು ದಿನದಲ್ಲಿ ಸಹಿ ಆಯಿತು. ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಕಾರ್ಯದರ್ಶಿಗಳು ಮೂರು ಸಲ ಬಂದು ಬಾಗಿಲ ಹೊರಗೆ ಬಿಸಿಲಲ್ಲಿ ನಿಂತರು, ನಾಲ್ಕನೆಯ ಸಲ ಸಹಿ ಮಾಡಿಕೊಂಡೇ ಬಂದರು. ಹೆಚ್ಚು ಹೇಳುವುದಿಲ್ಲ.

ಅದನ್ನು ಹಿಡಿದು ಸಿರುಗುಪ್ಪದ ಬಸ್ ಸ್ಟ್ಯಾಂಡಿಗೆ ನಾನೇ ಹೋದೆ. ಹಚ್ಚೊಳ್ಳಿಯಿಂದ ಅವಳು ಬಂದಿದ್ದಳು. ಕಣ್ಣೀರು ಹಾಕುತ್ತಾಳೇನೋ ಎಂದುಕೊಂಡಿದ್ದೆ. "ಇದಕ್ಕ ಪಿನ್ನು ಚುಚ್ಚಿದವ್ರು ಯಾರವ್ವಾ? ತುಕ್ಕು ಹಿಡಿಯಂಗಿಲ್ಲೇನು?" ಎಂದು ಮೊದಲು ಪಿನ್ನು ಕಿತ್ತಳು. ಆಮೇಲೆ ಕಾಗದ ತಿರುವಿ, ಮೂಲೆಯಲ್ಲಿ ಪೆನ್ಸಿಲ್‌ನಿಂದ ಏನೋ ಬರೆದು ತೋರಿಸಿದಳು. ನನ್ನ ಹೆಸರು ನಾನು ಓದಬಲ್ಲೆ. 'ತಂದವರು: ಹನುಮಕ್ಕ.'

"ಇದ್ಯಾಕ?"

"ಯಾವ ಕಾಗದ ಯಾರ ಕೈಯಿಂದ ಬಂತು ಅನ್ನೋದು ಇರ್ಬೇಕವ್ವಾ."

ಬಸ್ಸು ಬಂತು, ಹೋದಳು. ಈಗ ಮೈಸೂರಿನಲ್ಲಿದ್ದಾಳೆ. ಮತ್ತೆ ಈ ಕಡೆ ಬಂದಿಲ್ಲ.

ಪಟ್ಟಿ ನೋಡಲು ಊರೂರಿನವರು ಬರುತ್ತಾರೆ. ಮೊದಲ ಹಾಳೆ ಓದಿ "ಹನುಮಕ್ಕ ಅಂದ್ರ ಯಾರು?" ಎಂದು ಕೇಳುತ್ತಾರೆ. "ನಾನ" ಎನ್ನುತ್ತೇನೆ. ಅವರ ಪೆನ್ನು ಬಾಗಿಲಲ್ಲಿ ಬಿಡಿಸುವವಳೂ ಈಗ ನಾನೇ. ಫ್ಯಾನು ಮಾತ್ರ ಹಾಕುತ್ತೇನೆ. ಅವಳು ಕಟ್ಟಿಟ್ಟ ಪೆಟ್ಟಿಗೆಯಿಂದ ಒಂದು ಕಾಗದವೂ ಹಾರುವುದಿಲ್ಲ.