ಗಂಗಕ್ಕನ ಬೋಣಿ

ಚಿಕ್ಕಮಗಳೂರಿನ ಹಳೇ ಮಾರುಕಟ್ಟೆ ನೋಡಬೇಕೆಂದು ಬರುವವರು ಮುಂಬಾಗಿಲಲ್ಲಿ ಒಂದು ಫೋಟೊ ತೆಗೆದು, ಕಾಫಿಪುಡಿ ಕಟ್ಟಿಸಿಕೊಂಡು, ಬೆಟ್ಟದ ಕಡೆ ಕಾರು ತಿರುಗಿಸುತ್ತಾರೆ. ಅವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಪೇಟೆ ನೋಡುವಂಥದ್ದಲ್ಲ, ಒಳಹೊಕ್ಕು ಸುತ್ತುವಂಥದ್ದು. ನನಗೆ ಅದನ್ನು ಕಲಿಸಿದವರು ಪಕ್ಕದ ಮನೆಯ ಶಿವಗಂಗಮ್ಮ. ಪೇಟೆಯವರ ಬಾಯಲ್ಲಿ ಗಂಗಕ್ಕ.

ನಾನು ಕಳಸದ ಕಡೆಯವಳು, ಟೀಚರ್ ಕೆಲಸ ಸಿಕ್ಕಿ ಈ ಊರಿಗೆ ಬಂದವಳು. ಬಂದ ವಾರವೇ ಗಂಗಕ್ಕ ನನ್ನ ಕೈಗೊಂದು ಚೀಲ ಕೊಟ್ಟು ಹೊರಡಿಸಿದರು. ಮುಂಬಾಗಿಲ ಕಡೆ ಹೊರಟವಳನ್ನು ತಡೆದು, "ಅದು ನೆಂಟ್ರು ಹೋಗೋ ದಾರಿ ಟೀಚರೇ" ಎಂದು ನಕ್ಕರು. ನಾವು ಬಾಳೆಎಲೆಯವರ ಓಣಿಯಲ್ಲಿ ನುಗ್ಗಿ, ಬಳೆ ಅಂಗಡಿಯ ಮುಂದಿನ ಬಾಗಿಲಲ್ಲಿ ಒಳಹೋಗಿ ಹಿಂದಿನ ಬಾಗಿಲಲ್ಲಿ ಹೊರಬಿದ್ದೆವು. ಬಳೆಯವರು ತಲೆ ಎತ್ತಿ ಕೂಡ ನೋಡಲಿಲ್ಲ. ಅಲ್ಲಿಂದ ಮುಂದೆ ಹಗ್ಗ, ಗೋಣಿಚೀಲದ ಸಾಲು. ಗಂಗಕ್ಕನ ಯಜಮಾನರು ರೇವಣ್ಣನವರ ಅಂಗಡಿ ಅಲ್ಲೇ. ಕಾಫಿ ಕೊಯ್ಲಿನ ಕಾಲದಲ್ಲಿ ಎಸ್ಟೇಟಿನ ಮೇಸ್ತ್ರಿಗಳು ಆ ಓಣಿಯಲ್ಲಿ ಜೀಪು ನಿಲ್ಲಿಸಿದರೆಂದರೆ ಉಳಿದವರೆಲ್ಲ ಗೋಡೆಗೆ ಒತ್ತಿಕೊಂಡು ಅಡ್ಡಡ್ಡ ನಡೆಯಬೇಕು. ತರಕಾರಿ ಸಾಲಿಗೆ ಬಂದಮೇಲೆ ಮೊದಲ ಸುತ್ತಿನಲ್ಲಿ ನಮ್ಮಂಥವರು ಏನನ್ನೂ ಕೊಳ್ಳಬಾರದು, ಬರೀ ಮಾತಾಡಬೇಕು. ಯಾರ ಮಗಳಿಗೆ ಗಂಡು ಬಂದಿದೆ, ಯಾರ ಸೊಂಟ ಹಿಡಿದಿದೆ ಎಂದು ವಿಚಾರಿಸಿ ಎರಡನೇ ಸುತ್ತು ಬಂದರೆ ಚೀಲಕ್ಕೆ ಬೀಳುವ ಟೊಮೆಟೊವೇ ಬೇರೆ.

ಆದರೆ ಗಂಗಕ್ಕನಿಗೆ ಮಾತ್ರ ಮೊದಲ ಸುತ್ತಿನಲ್ಲೇ ಕೆಲಸವಿತ್ತು. ಅದು ಬೋಣಿ, ದಿನದ ಮೊದಲ ವ್ಯಾಪಾರ. ಬೋಣಿ ಮಾಡಿದವರ ಕೈ ಹೇಗೋ ಇಡೀ ದಿನದ ವ್ಯಾಪಾರ ಹಾಗೆ ಎಂದು ಪೇಟೆಯವರ ನಂಬಿಕೆ. ಗಂಗಕ್ಕನ ಕೈಗುಣ ದೊಡ್ಡದೆಂದು ಹೆಸರಾಗಿತ್ತು. ಅವರು ಕಾಣಿಸಿಕೊಂಡರೆ ಸಾಕು, "ಅಕ್ಕಾ, ಇತ್ಲಾಗೆ ಬನ್ನಿ" ಎಂದು ನಾಲ್ಕೂ ಕಡೆಯಿಂದ ಕೂಗು. ಬೋಣಿಯಲ್ಲಿ ಅವರು ಚೌಕಾಸಿ ಮಾಡುತ್ತಿರಲಿಲ್ಲ. ಕೊಟ್ಟ ನೋಟನ್ನು ಮಾರುವವರು ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಒಳಗಿಡುತ್ತಿದ್ದರು. ನನಗೆ ಈ ಕೈಗುಣ, ಕಾಲ್ಗುಣಗಳಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೂ ಅವರ ಜೊತೆ ನಡೆಯುವಾಗ ನನ್ನ ಬೆನ್ನೂ ತಾನಾಗಿ ನೆಟ್ಟಗಾಗುತ್ತಿತ್ತು.

ರೇವಣ್ಣನವರು ತೀರಿಕೊಂಡ ಮೇಲೆ ಗಂಗಕ್ಕ ಬೆಳಗಿನ ಪೇಟೆಯನ್ನೇ ಬಿಟ್ಟರು. ಎಲ್ಲರ ಬೋಣಿ ಮುಗಿದು ಬಿಸಿಲೇರಿದ ಮೇಲೆ ಹೋಗಿ, ಬಾಡಿದ ಸೊಪ್ಪು ಹಿಡಿದುಕೊಂಡು ಬರುತ್ತಿದ್ದರು. ಗಂಡ ಸತ್ತವಳ ಕೈಯಿಂದ ಬೋಣಿ ಬೇಡ ಎಂದು ಯಾರೂ ಅವರ ಎದುರಿಗೆ ಹೇಳಲಿಲ್ಲ. ಬನ್ನಿ ಎಂದೂ ಕರೆಯಲಿಲ್ಲ. ನಾನು ಬಾಯಿಗೆ ಬಂದಂತೆ ಪೇಟೆಯನ್ನೆಲ್ಲ ಬೈದೆ. ಗಂಗಕ್ಕನೇ ನನ್ನ ಬಾಯಿ ಮುಚ್ಚಿಸಿದರು.

"ನೀವು ಸುಮ್ನಿರಿ ಟೀಚರೇ. ಅದು ಅವ್ರ ಹೊಟ್ಟೆಪಾಡು. ನಾಳೆ ಒಬ್ರ ವ್ಯಾಪಾರ ಕೆಟ್ರೂ ಅದು ನನ್ನ ತಲೆಗೇ ಬರೋದು."

ಎರಡು ವರ್ಷ ಹೀಗೇ ಕಳೆಯಿತು. ಹೋದ ವರ್ಷ ಮಾರುಕಟ್ಟೆಯ ಸೂರು ರಿಪೇರಿಯಾಗುವವರೆಗೆ ರಸ್ತೆ ಬದಿಯಲ್ಲಿ ಕುಳಿತಿದ್ದ ವ್ಯಾಪಾರದವರೆಲ್ಲ ಮತ್ತೆ ಒಳಗೆ ಬಂದರು. ಸೊಪ್ಪಿನ ಯಲ್ಲಮ್ಮನಿಗೆ ಒಳ್ಳೆಯ ಮೂಲೆ ಜಾಗ ಸಿಕ್ಕಿತು. ಮೊದಲ ದಿನ ಬೆಳಿಗ್ಗೆ ನಾನು ಹೋಗಿ ನೋಡಿದರೆ ಅವಳು ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿ, ಫೋನಿನಲ್ಲಿ ದುಡ್ಡು ಹಾಕುವ ಬೋರ್ಡನ್ನೂ ಬೋರಲು ಹಾಕಿ, ಕೈ ಕಟ್ಟಿ ಕುಳಿತಿದ್ದಾಳೆ. ಎದುರಿಗೆ ಗಿರಾಕಿಗಳು ನಿಂತಿದ್ದಾರೆ.

"ಎಂಥದೇ ಯಲ್ಲಮ್ಮ, ಸೊಪ್ಪು ಕೊಡಲ್ವಾ?" ಎಂದೆ.

"ಗಂಗಕ್ಕ ಬಂದು ಬೋಣಿ ಮಾಡ್ಲಿ ಟೀಚರೇ. ಅಲ್ಲೀವರೆಗೆ ಗೋಣಿ ಎತ್ತಲ್ಲ."

ಪಕ್ಕದಲ್ಲಿ ಬಾಳೆಹಣ್ಣಿನ ಬೊಮ್ಮಯ್ಯ ಸಿಡಿದ. "ಹೊಸ ಜಾಗ, ಮೊದಲ್ನೇ ದಿನ. ಶುಭ ಅಶುಭ ನೋಡೋದು ಬೇಡ್ವಾ? ನಿನ್ನ ಹಟಕ್ಕೆ ನಮ್ಮ ವ್ಯಾಪಾರನೂ ಹಾಳು!"

"ನನ್ನ ಗಂಡ ಸತ್ತು ಹದಿನೈದು ವರ್ಷ ಆಯ್ತು ಕಣೋ. ರಸ್ತೆ ಬದೀಲೂ ದಿನಾ ಬೆಳಿಗ್ಗೆ ನಿನ್ನ ಪಕ್ಕದಲ್ಲೇ ಕೂರ್ತಿದ್ನಲ್ಲ, ನಿನ್ನ ಹಣ್ಣು ಕೊಳ್ತು ಹೋಯ್ತಾ?" ಎಂದಳು ಯಲ್ಲಮ್ಮ.

ಜಗಳ ನೋಡಲು ಜನ ಸೇರತೊಡಗಿದರು. ನಾನು ಮಂಡಿ ನೋವನ್ನೂ ಮರೆತು ಮನೆಯ ಕಡೆ ಓಡಿದೆ.

ಗಂಗಕ್ಕ ಅಕ್ಕಿ ಆರಿಸುತ್ತಿದ್ದರು. ವಿಷಯ ಕೇಳಿ ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅದು ಬಿಳಿಚಿಕೊಂಡಿತು.

"ಬೇಡ. ಅವಳ ಸೊಪ್ಪು ಉಳಿದ್ರೆ? ಗಂಗಕ್ಕನ ಕೈ ಒಳ್ಳೇದಿತ್ತು ಅಂತ ಒಂದು ಮಾತಾದ್ರೂ ಉಳ್ಕೊಂಡಿದೆ ನಂಗೆ. ಅದನ್ನೂ ಕಳ್ಕೊಳ್ಲಾ?"

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಅವಳು ಗೋಣಿನೇ ಎತ್ತಲ್ಲ ಅಂತ ಕೂತಿದಾಳೆ ಮಾರಾಯ್ರೇ! ನೀವು ಬಂದ್ರೆ ಸೊಪ್ಪು ಉಳೀಬಹುದು. ಬರದಿದ್ರೆ ಉಳಿಯೋದು ಖಂಡಿತ!"

ಅವರು ಮೊರವನ್ನು ಕೆಳಗಿಟ್ಟರು. ಆಮೇಲೆ ಎದ್ದು, ಕೈಕಾಲು ತೊಳೆದು, ಇಳಕಲ್ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ಹೊರಬಂದರು. ನಾನು ಅಭ್ಯಾಸದಂತೆ ಬಾಳೆಎಲೆ ಓಣಿಗೆ ತಿರುಗಿದೆ.

"ಇವತ್ತು ಇತ್ಲಾಗೆ ಬೇಡ. ಕದ್ದು ಹೋದ ಹಾಗಾಗುತ್ತೆ" ಎಂದು ಅವರು ನೇರ ಮುಂಬಾಗಿಲಿಗೆ ನಡೆದರು.

ಜನ ದಾರಿ ಬಿಟ್ಟರು. ಹೂವಿನವರು, ಬಳೆಯವರು, ತಕ್ಕಡಿ ಹಿಡಿದವರು, ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದರು. ಗಂಗಕ್ಕ ಚೀಲ ಹಿಡಿದು ಸೊಪ್ಪಿನ ಮುಂದೆ ನಿಂತರು.

"ಏನ್ ತಂದಿದೀಯೇ ಯಲ್ಲಮ್ಮ?"

"ಸಬ್ಬಸಿಗೆ ಎಳೇದಿದೆ, ತಗೊಳ್ಳಿ ಅಕ್ಕಾ" ಎನ್ನುತ್ತಾ ಯಲ್ಲಮ್ಮ ಗೋಣಿ ಎತ್ತಿದಳು. ಒಂದು ಕಟ್ಟು ಕೊಟ್ಟು, ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಹಾಗೇ ಗಂಗಕ್ಕನ ಕೈಯನ್ನೂ ಎಳೆದು ಕಣ್ಣಿಗೆ ಒತ್ತಿಕೊಂಡಳು. ನಾನು ನಡುಪೇಟೆಯಲ್ಲಿ ನಿಂತು ಗೊಳೋ ಎಂದು ಅತ್ತೆ. ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಆಮೇಲೆ ಸೊಪ್ಪಿಗೆ ಜನ ಮುಗಿಬಿದ್ದರು. ಅದು ಗಂಗಕ್ಕನ ಕೈಗುಣವೋ, ಅಷ್ಟು ಹೊತ್ತು ಪುಕ್ಕಟೆ ಜಗಳ ನೋಡಿದವರಿಗೆ ಬರಿಗೈಯಲ್ಲಿ ಹೋಗಲು ಆದ ಸಂಕೋಚವೋ, ಯಾರಿಗೆ ಬೇಕು! ನಾವು ಯಲ್ಲಮ್ಮ ತರಿಸಿಕೊಟ್ಟ ಕಾಫಿ ಕುಡಿದು ಮುಗಿಸುವುದರೊಳಗೆ ಅವಳ ಬುಟ್ಟಿಯ ತಳ ಕಾಣುತ್ತಿತ್ತು.

ಹೊರಡುವಾಗ ಬೊಮ್ಮಯ್ಯ ಕೆಮ್ಮಿದ. ಬಾಳೆಹಣ್ಣಿನ ಮೇಲೆಲ್ಲ ತನ್ನ ಟವೆಲು ಹೊದಿಸಿ ಕುಳಿತಿದ್ದ.

"ಅಕ್ಕಾ, ನಂದೂ ಇನ್ನೂ ಬೋಣಿ ಆಗಿಲ್ಲ."

"ಅಯ್ಯೋ ಸುಳ್ಳೇ! ಬೆಳಿಗ್ಗೇನೇ ನನ್ನೆದುರಿಗೆ ಎರಡು ಚಿಪ್ಪು ಮಾರ್ದ" ಎಂದು ಯಲ್ಲಮ್ಮ ಕೂಗಿದಳು.

"ಅದು ಬೋಣಿ ಅಲ್ಲ ಮಾರಾಯ್ತಿ. ಅದು ಸುಮ್ನೆ ಮಾರಿದ್ದು."

ಇಡೀ ಸಾಲು ಗೊಳ್ಳೆಂದು ನಕ್ಕಿತು. ಗಂಗಕ್ಕನೂ ನಕ್ಕರು. ರೇವಣ್ಣನವರು ಹೋದ ಮೇಲೆ ಅವರು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ. ಟವೆಲು ಸರಿಸಿ ಒಂದು ಹಣ್ಣನ್ನು ಒತ್ತಿ ನೋಡಿದರು. ತಿರುಗಿ ಟವೆಲು ಮುಚ್ಚಿ, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಇವತ್ತಿಗೆ ಒಂದು ಬೋಣಿ ಸಾಕು ಬೊಮ್ಮಯ್ಯ. ನಾಳೆ ಬೆಳಿಗ್ಗೆ ಬರ್ತೀನಿ. ನಾನು ಬರೋವರೆಗೆ ಯಾರಿಗೂ ಕೊಡ್ಬೇಡ."