ಅಮ್ಮ ಹಾಕದ ರುಜು

ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ‘ಪ್ರಜಾಪ್ರಭುತ್ವದ ಮುಂದಿರುವ ಸವಾಲುಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಯನ್ನು ಪ್ರತಿ ವರ್ಷ ಕೇಳುತ್ತೇನೆ. ಮಕ್ಕಳೂ ಪ್ರತಿ ವರ್ಷ ಅದೇ ಉತ್ತರ ಬರೆಯುತ್ತಾರೆ: ಜಾತಿ, ಹಣ, ಸುಳ್ಳು ಸುದ್ದಿ, ಜನರ ನಿರಾಸಕ್ತಿ. ಆ ಭಾನುವಾರ ಮಾಸ್ತಿಕಟ್ಟೆ ಹತ್ತಿರದ ನಮ್ಮೂರಿಗೆ ಬಂದು, ಜಗಲಿಯಲ್ಲಿ ಕೂತು ಆ ಉತ್ತರಗಳಿಗೇ ಅಂಕ ಹಾಕುತ್ತಿದ್ದೆ. ಪಂಚಾಯ್ತಿಯ ನೀರುಗಂಟಿ ಉದ್ದನೆಯ ಪುಸ್ತಕವೊಂದನ್ನು ಹಿಡಿದು ಬಂದ.

“ಮೇಡಂ, ಒಂದು ರುಜು.”

ನನ್ನ ಹೆಸರನ್ನು ಮೊದಲೇ ಬರೆದಿಟ್ಟಿದ್ದರು. ಕೈಯಲ್ಲಿದ್ದ ಕೆಂಪು ಪೆನ್ನಿನಿಂದಲೇ ಅದರೆದುರು ಗೀಚಿ ಕೊಟ್ಟೆ. ಏನು ಎತ್ತ ಎಂದು ಕೇಳಲೂ ಇಲ್ಲ.

ಆಮೇಲೆ ಅಮ್ಮನ ಸರದಿ. ಅಮ್ಮ ಹಳ್ಳದಾಚೆಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಅವಳು ರುಜು ಹಾಕಲು ಕಲಿತದ್ದು ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ, ಸಾಕ್ಷರತಾ ತರಗತಿಯಲ್ಲಿ. ಅವಳ ರುಜು ಮುಗಿಯುವಷ್ಟರಲ್ಲಿ ಗಂಜಿ ಬೆಂದಿರುತ್ತದೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತೇವೆ. ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದವಳು ಪೆನ್ನು ಮುಟ್ಟಲಿಲ್ಲ.

“ಎಂತದಿದು? ಓದು” ಎಂದು ನನಗೆ ಹೇಳಿದಳು.

ಓದಿದೆ. ಹಿಂದಿನ ದಿನ ಗ್ರಾಮಸಭೆ ನಡೆದಿತ್ತಂತೆ. ನಾವೆಲ್ಲ ಹಾಜರಿದ್ದೆವಂತೆ. ಈ ವರ್ಷದ ಕಾಮಗಾರಿ ಪಟ್ಟಿಗೆ ಸರ್ವಾನುಮತದಿಂದ ಒಪ್ಪಿದೆವಂತೆ. ಪಟ್ಟಿಯಲ್ಲಿ ನಾವು ಕೇಳುತ್ತಲೇ ಬಂದಿದ್ದ, ಹಳ್ಳ ದಾಟುವ ಕಾಲುಸಂಕವೇ ಇರಲಿಲ್ಲ.

ನಮ್ಮ ಸಂಕವೆಂದರೆ ಎರಡು ಅಡಿಕೆ ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರು. ಹಿಂದಿನ ಮಳೆಗಾಲ ಶಾಲೆಗೆ ಹೋಗುವಾಗ ಅಮ್ಮ ಅದರ ಮೇಲೆ ಜಾರಿ, ಬಿದಿರಿಗೆ ಜೋತುಬಿದ್ದು ಉಳಿದಿದ್ದಳು. ಕೊಡೆ ಹಳ್ಳದ ಪಾಲಾಗಿತ್ತು.

“ನಿನ್ನೆ ಇಡೀ ದಿನ ಹಲಸಿನ ಹಪ್ಪಳ ಒತ್ತಿದೀನಿ ಮಾರಾಯ. ಸಭೆಗೆ ನನ್ನ ನೆರಳು ಹೋಗಿತ್ತಾ?”

“ಎಲ್ಲಾ ಮನೇಲೂ ಹಾಕಿದಾರಕ್ಕಾ. ಇಲ್ದಿದ್ರೆ ನಂಗೆ ಬೈತಾರೆ.”

“ನಿನ್ನ ತಪ್ಪಲ್ಲ ಬಿಡು. ಸಭೆ ಮಾಡ್ಲಿ, ಬರ್ತೀನಿ, ಹಾಕ್ತೀನಿ. ಹೋಗದ ಸಭೆಗೆ ಹಾಕಕ್ಕೆ ಅಷ್ಟು ಕಷ್ಟಪಟ್ಟು ರುಜು ಕಲ್ತಿದ್ದಾ ನಾನು?”

ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. “ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಸುಮ್ನೆ ಹೇಳಿಲ್ಲ ಹಿರಿಯರು.” ನನಗೆ ಸಿಟ್ಟು ನೆತ್ತಿಗೇರಿತು. ಅವಳು ಹೇಳಿದ್ದು ನಿಜವಾಗಿದ್ದರಿಂದ ಇನ್ನೂ ಹೆಚ್ಚು.

ಮರುದಿನ ಕಾಲೇಜಿಗೆ ರಜೆ ಹಾಕಿ, ಸಭೆಯನ್ನು ನಿಜವಾಗಿ ನಡೆಸಿ ಎಂದು ಅರ್ಜಿ ಬರೆದೆ. ಅಮ್ಮ ಮನೆಮನೆ ತಿರುಗಿದಳು. “ಹಾಕಿ ಆಯ್ತಲ್ಲ, ಇನ್ನೆಂತ ಮಾಡೋದು?” ಎಂದವರೇ ಹೆಚ್ಚು. ಆದರೂ ಒಂಬತ್ತು ಹೆಂಗಸರು ನಮ್ಮ ಜೊತೆ ಹೊಸನಗರದ ಬಸ್ಸು ಹತ್ತಿದರು.

ಅಲ್ಲಿನ ತಾಲ್ಲೂಕು ಪಂಚಾಯ್ತಿಯ ಮೇಲಧಿಕಾರಿ ನಮ್ಮನ್ನು ಕೂರಿಸಿ, ನಮ್ಮೂರ ಪಂಚಾಯ್ತಿಯಿಂದ ಪುಸ್ತಕ ತರಿಸಿದರು. ಪುಟ ತೆರೆದದ್ದೇ ಕೆಂಪು ಗೀಚು ಕಣ್ಣಿಗೆ ರಾಚಿತು.

“ಇದು ನಿಮ್ಮದೇ ರುಜು ಅಲ್ವಾ ಮೇಡಂ? ಸಭೆ ಆಗಿಲ್ಲ ಅಂತೀರಿ?”

ಮುಖಕ್ಕೆ ಮಂಗಳಾರತಿ ಆಯಿತು. ಹತ್ತು ಅಂಕದ ಪ್ರಶ್ನೆ ಕೇಳುವವಳು ಒಂದಂಕದ ಪ್ರಶ್ನೆಯಲ್ಲೇ ಫೇಲಾದೆ.

“ಅವಳದ್ದು ಬಿಡಿ ಸರ್, ನನ್ನ ಸಾಲು ನೋಡಿ” ಎಂದಳು ಅಮ್ಮ. ಹೆಸರಿತ್ತು, ಎದುರು ಖಾಲಿ. ಆ ಪುಟದಲ್ಲಿ ಖಾಲಿ ಉಳಿದದ್ದು ಅದೊಂದೇ. “ಸಭೆ ಅಂತ ಆಗಿದ್ರೆ ನಾನು ಹೋಗ್ದೇ ಇರ್ತಿರ್ಲಿಲ್ಲ. ಸಂಕ ಬೇಕಾಗಿರೋದು ನಂಗೆ.”

ಹಿಂದಿನಿಂದ ಒಬ್ಬಾಕೆ “ನಾನೂ ಹೋಗಿಲ್ಲ” ಎಂದಳು. “ನಾನೂ ಇಲ್ಲ.” “ನಾನೂ.” ಒಂಬತ್ತೂ ಜನ ಹೇಳಿ ಮುಗಿಸುವವರೆಗೆ ಅಧಿಕಾರಿ ಕಾದರು. ಆಮೇಲೆ ಪುಸ್ತಕ ಮುಚ್ಚಿ, ಸಭೆಯನ್ನು ಮತ್ತೆ ಕರೆಯುವಂತೆ ಅರ್ಜಿಯ ಮೇಲೆ ಬರೆದರು.

ಎರಡು ವಾರ ಬಿಟ್ಟು ಶಾಲೆಯ ಜಗಲಿಯಲ್ಲಿ ಸಭೆ. ಕುರ್ಚಿ ಸಾಲದೆ ಜನ ಅಂಗಳದಲ್ಲಿ ಕೂತರು. ಸಂಕ ಬೇಕೆನ್ನುವವರು ಕೈ ಎತ್ತಿ ಎಂದಾಗ ನೀರುಗಂಟಿಯೂ ಎತ್ತಿದ. ಪಟ್ಟಿಯಲ್ಲಿ ಅದೇ ಮೊದಲನೆಯದಾಯಿತು.

ಪುಸ್ತಕ ಅಮ್ಮನ ಕೈಗೆ ಬಂತು. ಅವಳು ಒಂದು ಪುಟ ಹಿಂದಕ್ಕೆ ತಿರುವಿ ನನ್ನನ್ನು ಕರೆದಳು.

“ಮೊದ್ಲು ಇದನ್ನ ಹೊಡೆದು ಹಾಕು.”

ಇಡೀ ಊರಿನ ಎದುರು ನನ್ನ ಕೆಂಪು ರುಜುವನ್ನು ಹೊಡೆದು ಹಾಕಿದೆ. ಅವಮಾನವಾಗುತ್ತದೆ ಅಂದುಕೊಂಡಿದ್ದೆ, ಎದೆ ಹಗುರಾಯಿತು. ಆಮೇಲೆ ಅಮ್ಮ ಕೂತು ಒಂದೊಂದೇ ಅಕ್ಷರ ಬರೆದಳು. ಯಾರೂ ಅವಸರ ಮಾಡಲಿಲ್ಲ. ಪೆನ್ನು ಎತ್ತಿದಾಗ ಯಾರೋ ಚಪ್ಪಾಳೆ ತಟ್ಟಿದರು, ನಗುತ್ತಾ ಎಲ್ಲರೂ ತಟ್ಟಿದರು. ನನಗೆ ಅಳು ಬಂತು. ಅಷ್ಟು ಖುಷಿಯಾಗಿತ್ತು.

ಆ ಮಳೆಗಾಲಕ್ಕೆ ಸಂಕ ಆಗಲಿಲ್ಲ, ಮುಂದಿನದಕ್ಕೆ ಆಯಿತು. ಸಿಮೆಂಟಿನದು, ಹಿಡಿದುಕೊಳ್ಳಲು ಎರಡೂ ಕಡೆ ಕಬ್ಬಿಣದ ಕಂಬಿ. ಮೊದಲ ದೊಡ್ಡ ಮಳೆಯ ಬೆಳಿಗ್ಗೆ ಕೆಳಗೆ ಕೆಂಪು ನೀರು ಭೋರೆನ್ನುತ್ತಿತ್ತು. ಅಮ್ಮ ಹೊಸ ಕೊಡೆ ಹಿಡಿದು ಶಾಲೆಗೆ ಹೊರಟಳು. ನಾನು ಈಚೆ ದಡದಲ್ಲಿ ನಿಂತಿದ್ದೆ. ಅವಳು ನಟ್ಟನಡುವೆ ನಿಂತು ಬಲವಾಗಿ ಕಾಲು ಕುಟ್ಟಿದಳು, ಇನ್ನೊಮ್ಮೆ ಕುಟ್ಟಿದಳು. ಆಮೇಲೆ ತಿರುಗಿ ನನ್ನನ್ನು ಕೂಗಿದಳು.

“ಬಾರೇ ಮೇಡಂ, ನಾನು ನೋಡಿದೀನಿ. ಗಟ್ಟಿ ಇದೆ!”