ಗಿಲಕಿ ಹಿಡಿದು ನಡೆಯುವ ಬೆಕ್ಕಿನಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಿವಿ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಖಾಲಿ ಕುರ್ಚಿಯೊಂದರ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಗಿಲಕಿ ಆಡಿಸುತ್ತ ನಡೆಯುತ್ತಿದ್ದಾರೆ. ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ. ಬರಿಗಾಲು, ಕೆಳಗೆ ದಪ್ಪ ಜಮಖಾನ, ಗೋಡೆಗೆಲ್ಲ ಸ್ಪಂಜು. ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದರೆ ಗಿಲಕಿ ತಾನೇ ತಾನಾಗಿ ಗಾಳಿಯಲ್ಲಿ ತೇಲುತ್ತಿದೆ ಅನ್ನಿಸಿ ಮೈ ಜುಮ್ಮೆನ್ನುತ್ತದೆ.

ಆಸ್ಪತ್ರೆಯ ಲೆಕ್ಕದಲ್ಲಿ ಇವರು ಆಯಾ. ಸದ್ದಿಲ್ಲದ ಈ ನಡಿಗೆಯಿಂದಾಗಿ ಎಲ್ಲರ ಬಾಯಲ್ಲಿ ಬೆಕ್ಕಿನಕ್ಕ.

ಕಿವಿ ಪೂರ್ತಿ ಹೋದವರಿಗೆ ಇಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಪುಟ್ಟ ಯಂತ್ರ ಕೂರಿಸುತ್ತಾರೆ. ಮಾತು ಕೇಳತೊಡಗುತ್ತದೆ. ಆದರೆ ಸದ್ದು ಎತ್ತ ಸಾಗುತ್ತಿದೆ ಎಂಬುದು ಬಹಳ ಮಂದಿಗೆ ತಿಳಿಯುವುದಿಲ್ಲ. ಎಡದಿಂದ ಬಲಕ್ಕೆ ಹೋದ ಬಸ್ಸು ಅವರ ಪಾಲಿಗೆ ಒಂದೇ ಕಡೆ ನಿಂತು ಜೋರಾಗಿ, ಆಮೇಲೆ ಸಣ್ಣಗಾಗಿ, ಇಲ್ಲವಾಗುತ್ತದೆ. ಅಂಥವರ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದಾಗ ಗಿಲಕಿ ಹಿಡಿದು ನಡೆಯುವುದು ಬೆಕ್ಕಿನಕ್ಕನ ಕೆಲಸ. ಕೂತವರು ಸದ್ದು ಹೋದತ್ತ ಬೆರಳು ತಿರುಗಿಸಬೇಕು; ಅದೇ ಪರೀಕ್ಷೆ.

"ಗಿಲಕಿ ಮಾತ್ರ ಇರ್ಬೇಕು, ನಾನು ಇರ್ಬಾರ್ದು," ಎನ್ನುತ್ತಾರೆ. ಹಿಂದೆ ಯಾರೋ ಒಬ್ಬರು ಇವರ ತಲೆಯೆಣ್ಣೆಯ ವಾಸನೆ ಹಿಡಿದೇ ಬೆರಳು ತೋರಿಸಿ ಪಾಸಾಗಿದ್ದರಂತೆ! ಅಂದಿನಿಂದ ಎಣ್ಣೆಯಿಲ್ಲ, ಘಮಘಮಿಸುವ ಸೋಪಿಲ್ಲ, ಬಳೆಯಿಲ್ಲ. ಮನೆಯಲ್ಲೂ ಅದೇ ನಡಿಗೆ. "ಹಿಂದೆ ಹೋಗಿ ನಿಂತ್ರೆ ನಮ್ಮೋರು ಬೆಚ್ಚಿಬಿದ್ದು ಟೀ ಚೆಲ್ಕೋತಾರೆ. ಬರೋವಾಗ ಒಂದ್ಸಲ ಕೆಮ್ಮಬಾರ್ದೇನೇ, ಜೀವ ಬಾಯಿಗೆ ಬಂತು ಅಂತಾರೆ."

ನಗುತ್ತಿದ್ದವರು ತಂಗಿಯ ಮಾತೆತ್ತಿದೊಡನೆ ಗಿಲಕಿಯನ್ನು ಕುರ್ಚಿಯ ಮೇಲಿಡುತ್ತಾರೆ.

ತಂಗಿ ಪುಸ್ತಕಗಳಿಗೆ ರಟ್ಟು ಹಾಕುವವಳು. ಜ್ವರದಲ್ಲಿ ಎರಡೂ ಕಿವಿ ಹೋದ ಮೇಲೆ ಅಕ್ಕನ ಮನೆಯೇ ಅವಳ ಮನೆ. ಈ ವರ್ಷ ಎರಡೂ ಕಿವಿಗೆ ಇಂಪ್ಲಾಂಟ್ ಆಗಿದೆ. ಅವಳ ಅಂಗಡಿ ದೊಡ್ಡ ರಸ್ತೆಯ ಆಚೆ. ದಿನಾ ಅಕ್ಕನೇ ಕೈ ಹಿಡಿದು ದಾಟಿಸಬೇಕು. "ನಾನೇನು ಮಗುನಾ?" ಎಂದು ಅವಳ ಸಿಡಿಮಿಡಿ. ಪರೀಕ್ಷೆ ಪಾಸಾದರೆ ಒಬ್ಬಳನ್ನೇ ಬಿಡುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದರು.

ಕಳೆದ ವಾರ ಪರೀಕ್ಷೆ. ತಂಗಿಯ ಬೆರಳು ಒಂದು ಸಲವೂ ತಪ್ಪಲಿಲ್ಲ. ಅಕ್ಕನಿಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನಲ್ಲಿ ಗಿಲಕಿ ಆಡಿಸುವುದನ್ನೇ ಮರೆತು ಇನ್ನೊಂದು ಸಲ ಎಡದಿಂದ ಬಲಕ್ಕೆ ನಡೆದರು. ಬೆರಳು ಅವರ ಜೊತೆಗೇ ಬಂತು. ಅವರು ನಿಂತರು, ಅದೂ ನಿಂತಿತು. ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ.

"ಇವಳು ಸದ್ದಿನ ಹಿಂದೆ ಬರ್ತಿಲ್ಲ, ನನ್ನ ಹಿಂದೆ ಬರ್ತಿದಾಳೆ!"

ತಂಗಿ ಪಾಸಾದೆನೆಂದು ಕುಣಿಯುತ್ತಿದ್ದಳು. ಅಕ್ಕ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ರಸ್ತೆಯಲ್ಲಿ ಬೆನ್ನ ಹಿಂದಿನಿಂದ ಬರುವ ಬಸ್ಸು ಅಕ್ಕನಲ್ಲವಲ್ಲ. ಪರೀಕ್ಷೆ ನಡೆಸುವ ಮೇಡಂಗೆ ಎಲ್ಲ ಹೇಳಿಬಿಟ್ಟರು. "ನಾಳೆ ನಾನೇ ನಡೀತೀನಿ. ನೀವು ಮೂಲೇಲಿ ನಿಂತಿರಿ," ಎಂದರು ಮೇಡಂ.

ಮರುದಿನ ತಂಗಿಯ ಕಣ್ಣು ಕಟ್ಟಿದ ಮೇಲೆಯೇ ಅಕ್ಕ ಒಳಗೆ ಬಂದದ್ದು. ಮೇಡಂ ಗಿಲಕಿ ಆಡಿಸುತ್ತ ಬಲಕ್ಕೆ ಹೋದರು, ಎಡಕ್ಕೆ ಬಂದರು. ತಂಗಿಯ ಬೆರಳು ಅಲುಗಲಿಲ್ಲ. ಅದು ನೆಟ್ಟಗೆ ಮೂಲೆಯತ್ತ, ಉಸಿರು ಬಿಗಿಹಿಡಿದು ಗೋಡೆಗಂಟಿ ನಿಂತಿದ್ದ ಅಕ್ಕನ ಕಡೆಗಿತ್ತು. ಸದ್ದು ಅಲ್ಲಿಂದಲೇ ಬರುತ್ತಿದೆ ಎಂದು ಅವಳು ಆಣೆ ಮಾಡಿ ಹೇಳಿದಳು.

ಹೇಗೆ ಗೊತ್ತಾಗುತ್ತದೆಂದು ಕೇಳಿದರೆ ಅವಳಿಗೂ ತಿಳಿಯದು. "ಕಿವಿ ಹೋದಾಗ ಅಕ್ಕ ಎಲ್ಲಿದಾಳೆ ಅಂತ ನೋಡ್ಕೊಂಡೇ ಬದುಕಿದ್ದು. ಈಗ ನೋಡದಿದ್ರೂ ಗೊತ್ತಾಗುತ್ತೆ," ಎನ್ನುತ್ತಾಳೆ ಮುಖ ಊದಿಸಿಕೊಂಡು. ಫೇಲಾದದ್ದಕ್ಕಿಂತ ಅಕ್ಕನೇ ಹೋಗಿ ಹೇಳಿದಳಲ್ಲ ಎಂಬುದು ಅವಳ ಸಿಟ್ಟು. ಆದರೂ ರಸ್ತೆಯಂಚಿಗೆ ಬಂದಾಗ ಕೈ ಚಾಚುತ್ತಾಳೆ.

ಈಗ ದಿನಾ ಬೆಳಿಗ್ಗೆ, ಬೇರೆಯವರು ಬರುವ ಮೊದಲು, ತಂಗಿಗೆ ಅಭ್ಯಾಸ. ಗಿಲಕಿ ಮೇಡಂ ಕೈಯಲ್ಲಿ, ಅಕ್ಕ ಮೂಲೆಯಲ್ಲಿ. ಇವತ್ತೂ ಬೆರಳು ಮೂಲೆಗೇ ಬಂದಿದೆ.

ಏನಾದರೂ ಆಸೆಯಿದೆಯೇ ಎಂದರೆ ಬೆಕ್ಕಿನಕ್ಕ ಗಿಲಕಿ ಒರೆಸುತ್ತ ಹೇಳುತ್ತಾರೆ.

"ನಾನು ಇದೇ ಮೂಲೇಲಿ ನಿಂತಿರ್ಬೇಕು. ಅವಳ ಬೆರಳು ನನ್ನ ಬಿಟ್ಟು ಗಿಲಕಿ ಹಿಂದೆ ಹೋಗ್ಬೇಕು. ನಾನೆಲ್ಲಿದೀನಿ ಅನ್ನೋದೇ ಅವಳಿಗೆ ಗೊತ್ತಾಗ್ಬಾರ್ದು. ಅವತ್ತು ಅವಳೊಬ್ಬಳನ್ನೇ ರಸ್ತೆಗೆ ಬಿಡ್ತೀನಿ."